ಕುರಿಯೋ ಮೇಕೆಯೋ: ಹರಡಿನ ಮೂಳೆಯನ್ನು ಅಳೆದ ಮೂರು ವರ್ಷ

ಹೆಬ್ಬೆರಳ ತುದಿಯಷ್ಟು ದೊಡ್ಡದಾದ ಒಂದು ಮೂಳೆಗಾಗಿ ನಾನು ಮೂರು ವರ್ಷ ಓಡಾಡಿದ್ದೇನೆ. ಕುರಿ, ಮೇಕೆಗಳ ಹಿಂಗಾಲಿನ ಹರಡಿನಲ್ಲಿ ಪುಟ್ಟ ರಾಟೆಯಂತೆ ಕೂತಿರುವ ಮೂಳೆ ಅದು. ಪುಸ್ತಕಗಳಲ್ಲಿ ಅದನ್ನು ಅಸ್ಟ್ರಗಲಸ್ ಎನ್ನುತ್ತಾರೆ, ಮನುಷ್ಯರಲ್ಲಾದರೆ ಟೇಲಸ್. ನನ್ನ ಟಿಪ್ಪಣಿ ಪುಸ್ತಕದಲ್ಲಿ ನಾನು ಹರಡಿನ ಮೂಳೆ ಎಂದೇ ಬರೆದುಕೊಂಡೆ. ಹೋದ ತಿಂಗಳು ಮಹಾಪ್ರಬಂಧದ ಮೌಖಿಕ ಪರೀಕ್ಷೆ ಮುಗಿಯಿತು. ಮೂಳೆಯ ಆಕಾರವನ್ನು ಮೂರು ಆಯಾಮಗಳಲ್ಲಿ ಅಳೆಯುವುದು ಹೇಗೆಂದು ನನಗೆ ಕನ್ನಡದಲ್ಲಿ ಹೇಳುವವರು ಸಿಕ್ಕಿರಲಿಲ್ಲ. ಮುಂದೆ ಈ ಹಾದಿ ಹಿಡಿಯುವವರಿಗೆ ಬೇಕಾದೀತೆಂದು ಆದದ್ದನ್ನೆಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನನ್ನ ಪ್ರಶ್ನೆ ಸರಳವಾಗಿತ್ತು. ರಾಯಚೂರು, ಯಾದಗಿರಿ, ಬಳ್ಳಾರಿಯ ಬಯಲುಗಳಲ್ಲಿ ಕ್ರಿ.ಪೂ. 3000ರಿಂದ 1200ರ ಸುಮಾರಿನವರೆಗೆ ನವಶಿಲಾಯುಗದ ದನಗಾಹಿಗಳು ಬದುಕಿದ್ದರು. ಸಗಣಿ ಸುಟ್ಟು ಅವರು ಬಿಟ್ಟುಹೋದ ಬೂದಿದಿಬ್ಬಗಳು ಇಂದಿಗೂ ನಿಂತಿವೆ. ಆ ನೆಲೆಗಳ ಉತ್ಖನನದಲ್ಲಿ ದನದ ಮೂಳೆಗಳೇ ಹೆಚ್ಚು, ಆದರೆ ಕುರಿ ಮೇಕೆಗಳವೂ ಸಿಗುತ್ತವೆ. ವರದಿಗಳಲ್ಲಿ ಅವಕ್ಕೆ ಬಹಳ ಸಲ ಒಂದೇ ಸಾಲು: ‘ಕುರಿ/ಮೇಕೆ’. ಆ ಓರೆಗೆರೆ ನನ್ನನ್ನು ಕಾಡುತ್ತಿತ್ತು. ಕುರಿ ತಲೆ ತಗ್ಗಿಸಿ ಹುಲ್ಲು ಮೇಯುವ ಪ್ರಾಣಿ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಹುಟ್ಟಿದ್ದು ಮೇಕೆ ಪೊದೆಯನ್ನೂ ಮುಳ್ಳುಗಿಡವನ್ನೂ ಬಿಡದೆ ತಿನ್ನುವುದರಿಂದ. ಯಾವುದು ಎಷ್ಟಿತ್ತು ಎಂದು ತಿಳಿದರೆ ಆ ಜನ ಯಾವ ನೆಲದಲ್ಲಿ, ಹೇಗೆ ಬಾಳಿದರು ಎಂಬುದರ ಒಂದು ಎಳೆ ಕೈಗೆ ಬರುತ್ತದೆ. ಆದರೆ ಈ ಎರಡು ಪ್ರಾಣಿಗಳ ಎಲುಬುಗಳು ಒಂದರಂತೆ ಒಂದು. ಜರ್ಮನಿಯ ಬೋಸ್ನೆಕ್ ಮತ್ತು ಜೊತೆಗಾರರು 1964ರಲ್ಲಿ ಇವನ್ನು ಬೇರ್ಪಡಿಸುವ ಗುರುತುಗಳನ್ನು ವಿವರವಾಗಿ ಪಟ್ಟಿ ಮಾಡಿದರು. ನಮ್ಮ ಡೆಕ್ಕನಿ ಕುರಿಗೆ, ಬಂಡೂರು ಕುರಿಗೆ, ನಂದಿದುರ್ಗದ ಮೇಕೆಗೆ ಆ ಗುರುತುಗಳು ಎಷ್ಟು ಹೊಂದುತ್ತವೆ ಎಂದು ನೋಡುವುದು ನನ್ನ ಕೆಲಸವಾಯಿತು.

ಮೊದಲ ಐದು ತಿಂಗಳು ಒಂದು ಪತ್ರಕ್ಕಾಗಿ ಕಾದೆ. ಹಳೆಯ ಮೂಳೆಗಳು ಇದ್ದದ್ದು ಒಂದು ಕಚೇರಿಯ ಉಗ್ರಾಣದಲ್ಲಿ. ಅರ್ಜಿಯ ಜೊತೆಗೆ ಮಾರ್ಗದರ್ಶಕರ ಪತ್ರ, ಸಂಶೋಧನೆಯ ರೂಪುರೇಷೆ, ನೋಂದಣಿಯ ಪ್ರತಿ, ಗುರುತಿನ ಚೀಟಿ, ಮೂಳೆಗಳನ್ನು ಹೊರಗೆ ಒಯ್ಯುವುದಿಲ್ಲ, ಕತ್ತರಿಸುವುದಿಲ್ಲ ಎಂಬ ಮುಚ್ಚಳಿಕೆ ಎಲ್ಲವನ್ನೂ ಕೊಟ್ಟಿದ್ದೆ. ಕಡತ ನೋಡುತ್ತಿದ್ದ ಅಧಿಕಾರಿಗೆ ನಡುವೆ ವರ್ಗವಾಯಿತು. ಹೊಸಬರು ಬಂದ ಮೇಲೆ ಮತ್ತೆ ಮೊದಲಿನಿಂದ ವಿವರಿಸಬೇಕಾಯಿತು. ಕೊನೆಗೆ ಅನುಮತಿ ಕೈಗೆ ಬಂದ ದಿನ ಬಸ್ಸಿನಲ್ಲಿ ಅದನ್ನು ಮೂರು ಸಲ ಓದಿದೆ. ಮೂರನೆಯ ಸಲ ಓದುವಾಗ ಎದೆ ಧಸಕ್ಕೆಂದಿತು. ‘ಅಳತೆ ತೆಗೆದುಕೊಳ್ಳಲು’ ಎಂದಷ್ಟೇ ಇತ್ತು, ಛಾಯಾಚಿತ್ರದ ಮಾತೇ ಇರಲಿಲ್ಲ. ನನ್ನ ಅರ್ಜಿಯಲ್ಲೂ ನಾನು ಅದನ್ನು ಬರೆದಿರಲಿಲ್ಲ. ಅಳತೆಯಲ್ಲಿ ಎಲ್ಲವೂ ಸೇರುತ್ತದೆ ಎಂದುಕೊಂಡಿದ್ದೆ. ಉಗ್ರಾಣದವರು ಒಪ್ಪಲಿಲ್ಲ, ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. ನೀವು ಅರ್ಜಿ ಬರೆಯುವಾಗ ಕ್ಯಾಲಿಪರ್ (ಇಕ್ಕಳದಂತೆ ಹಿಡಿದು ಉದ್ದ ಅಳೆಯುವ ಉಪಕರಣ) ಅಳತೆ, ಛಾಯಾಚಿತ್ರ, ಮೂರು ಆಯಾಮದ ಮಾದರಿ, ಆ ಮಾದರಿಯನ್ನು ಇತರ ಸಂಶೋಧಕರೊಂದಿಗೆ ಹಂಚಿಕೊಳ್ಳುವುದು, ಈ ನಾಲ್ಕನ್ನೂ ಬೇರೆ ಬೇರೆ ಸಾಲಿನಲ್ಲಿ ಕೇಳಿ. ಎರಡನೆಯ ಪತ್ರಕ್ಕೆ ನಾನು ಮತ್ತೆ ನಾಲ್ಕು ತಿಂಗಳು ಕಾದೆ.

ಕಾಯುವಾಗ ಸುಮ್ಮನೆ ಕೂರಲಿಲ್ಲ. ಸಿಕ್ಕ ಅನುಮತಿಯಲ್ಲೇ ನಾಲ್ಕು ದಿನ ಉಗ್ರಾಣಕ್ಕೆ ಹೋದೆ. ಹರಡಿನ ಮೂಳೆಗಳು ಒಟ್ಟು 31 ಇದ್ದವು. ಬೆಂಕಿಗೆ ಸಿಕ್ಕ ಮೂಳೆ ಕುಗ್ಗುತ್ತದೆ, ತಿರುಚುತ್ತದೆ, ಅದರ ಆಕಾರವನ್ನು ನಂಬುವಂತಿಲ್ಲ. ಸುಟ್ಟವು, ಒಡೆದವು, ಮೈ ಸವೆದವು ಎಂದು 12ನ್ನು ಬದಿಗಿಟ್ಟೆ. ಉಳಿದ 19ನ್ನು ಅಂಗೈಯಲ್ಲಿ ಒಂದೊಂದಾಗಿ ಹಿಡಿದು ಅಳೆದೆ. ಹೊರಬದಿಯ ಗರಿಷ್ಠ ಉದ್ದ, ಒಳಬದಿಯ ಗರಿಷ್ಠ ಉದ್ದ, ಹೊರಬದಿಯ ದಪ್ಪ, ಕೆಳತುದಿಯ ಅಗಲ. ಆಂಗೆಲಾ ಫಾನ್ ಡೆನ್ ಡ್ರೀಶ್ 1976ರಲ್ಲಿ ಪ್ರಕಟಿಸಿದ ಕೈಪಿಡಿಯ ಕ್ರಮವಿದು. ಜಗತ್ತಿನೆಲ್ಲೆಡೆ ಪ್ರಾಣಿಗಳ ಮೂಳೆ ಅಳೆಯುವವರು ಇದನ್ನೇ ಬಳಸುವುದರಿಂದ ನಮ್ಮ ಅಂಕಿಗಳನ್ನು ಬೇರೆಯವರ ಅಂಕಿಗಳ ಪಕ್ಕ ಇಟ್ಟು ನೋಡಬಹುದು. ನಾಲ್ಕನೆಯ ದಿನ ಮೊದಲ ದಿನದ ಮೂಳೆಗಳನ್ನೇ ಮತ್ತೆ ಅಳೆದೆ. ಒಂದು ಮೂಳೆ ಸೋಮವಾರ 27.4 ಮಿಲಿಮೀಟರ್ ಇದ್ದದ್ದು ಗುರುವಾರ 27.9 ಆಗಿತ್ತು. ಮೂಳೆ ಬೆಳೆದಿರಲಿಲ್ಲ, ನಾನು ಹಿಡಿದ ಓರೆ ಬದಲಾಗಿತ್ತು. ಅರ್ಧ ಮಿಲಿಮೀಟರ್ ಕಡಿಮೆಯಲ್ಲವೇ ಎನ್ನಬಹುದು. ಆದರೆ ನಾನು ಹುಡುಕುತ್ತಿದ್ದ ವ್ಯತ್ಯಾಸವೂ ಅಷ್ಟೇ ಸಣ್ಣದು. ಅದಕ್ಕಿಂತ ದೊಡ್ಡ ತೊಡಕು ಬೇರೆಯಿತ್ತು. ಕುರಿಯ ಮೂಳೆಯಲ್ಲಿ ಒಳಬದಿಯ ಒಂದು ಮೂಲೆ ಹೆಚ್ಚು ಚಾಚಿಕೊಂಡಿರುತ್ತದೆ ಎನ್ನುತ್ತಾರೆ. ಆ ಉಬ್ಬು ಎಷ್ಟು ಉದ್ದ ಎನ್ನುವುದಕ್ಕಿಂತ ಯಾವ ದಿಕ್ಕಿಗೆ, ಹೇಗೆ ಬಾಗಿದೆ ಎನ್ನುವುದು ಮುಖ್ಯ. ಕ್ಯಾಲಿಪರ್ ಎರಡು ತುದಿಗಳ ನಡುವಿನ ದೂರವನ್ನು ಹೇಳುತ್ತದೆ, ಬಾಗನ್ನು ಹೇಳುವುದಿಲ್ಲ. ಮೂರು ಆಯಾಮದ ಅಳತೆಯ ಕಡೆಗೆ ನಾನು ಹೊರಳಿದ್ದು ಇದಕ್ಕಾಗಿ.

ಹಳೆಯ ಮೂಳೆಯನ್ನು ಗುರುತಿಸಬೇಕಾದರೆ ಮೊದಲು ಖಚಿತವಾಗಿ ಗೊತ್ತಿರುವ ಕುರಿ, ಮೇಕೆಗಳ ಮೂಳೆ ಬೇಕು. ಧಾರವಾಡದಲ್ಲಿ ನನ್ನ ಬಾಡಿಗೆ ಕೋಣೆಯ ಹತ್ತಿರದ ಮಾಂಸದಂಗಡಿಯವರನ್ನು ಕೇಳಿದೆ. ಮೂಳೆ ನೋಡಿ ಹೇಳಬಲ್ಲಿರಾ ಎಂದರೆ ಅವರು ತಲೆಯಾಡಿಸಿದರು. “ಬಾಲ ನೋಡಿದರೆ ಹೇಳುತ್ತೇನೆ ಅಕ್ಕಾ, ಬಾಲ ತೆಗೆದ ಮೇಲೆ ಕಷ್ಟ” ಎಂದರು. ಮೂವತ್ತು ವರ್ಷ ಅದೇ ಕೆಲಸ ಮಾಡಿದ ಕೈ ಅದು. ಅವರಿಗೇ ಕಷ್ಟವೆಂದ ಮೇಲೆ ನನ್ನ ಪ್ರಶ್ನೆ ಹುಸಿಯಲ್ಲ ಎಂಬ ಧೈರ್ಯ ಬಂತು. ಬಾಲ ತೆಗೆಯುವ ಮೊದಲೇ ಚೀಟಿ ಕಟ್ಟಿ ಕಾಲುಗಳನ್ನು ಎತ್ತಿಡಲು ಅವರು ಒಪ್ಪಿದರು. ಆದರೆ ಕಾಲು ಬೇರ್ಪಡಿಸುವಾಗ ಮಚ್ಚು ಬೀಳುವುದು ನೇರ ಹರಡಿನ ಮೇಲೆ. ಮೊದಲ ವಾರದ ಹತ್ತು ಮೂಳೆಗಳಲ್ಲಿ ಆರು ಸೀಳಿದ್ದವು. ಎರಡು ಬೆರಳು ಮೇಲೆ ಕಡಿಯಿರಿ ಎಂದು ತೋರಿಸಿಕೊಟ್ಟ ಮೇಲೆ ಇಡಿಯಾಗಿ ಸಿಕ್ಕವು. ಇನ್ನೊಂದು ಅಡ್ಡಿ ವಯಸ್ಸಿನದು. ಅಂಗಡಿಗೆ ಬರುವುದೆಲ್ಲ ಎಳೆಯವು, ಅವುಗಳ ಮೂಳೆ ಹಗುರ, ಮೈ ರಂಧ್ರಮಯ. ಬಲಿತ ಮೂಳೆಗಾಗಿ ಕುರಿಗಾಹಿಗಳ ಊರುಗಳಿಗೆ ಹೋದೆ. ಸವದತ್ತಿ ಕಡೆಯ ಒಬ್ಬ ಅಜ್ಜ ಸತ್ತ ಮುದಿಕುರಿಗಳನ್ನು ಹೂಳಿದ ಜಾಗ ತೋರಿಸಿ, “ತಗೋ ತಂಗಿ, ಇವು ನಾನೇ ಸಾಕಿದವು, ಕುರಿ ಹೌದೋ ಅಲ್ಲವೋ ಎಂದು ಯಾರೂ ಕೇಳುವಂತಿಲ್ಲ” ಎಂದರು. ಒಂದೊಂದರ ವಯಸ್ಸು, ಬಣ್ಣ, ಎಷ್ಟು ಸಲ ಈದಿತ್ತು ಎಂಬುದು ಅವರ ನೆನಪಿನಲ್ಲಿತ್ತು. ಬಂಡೂರು ಕುರಿಗಾಗಿ ಮಳವಳ್ಳಿಗೆ ಎರಡು ಸಲ ಹೋದೆ. ಗಿಡ್ಡ ಕಾಲಿನ ಆ ತಳಿ ನನ್ನ ಸಂಗ್ರಹದಲ್ಲಿ ಇರಲೇಬೇಕಿತ್ತು. ಹತ್ತು ತಿಂಗಳಲ್ಲಿ 34 ಕುರಿ, 28 ಮೇಕೆ, ಒಟ್ಟು 62 ಮೂಳೆಗಳಾದವು. ಬಸ್ಸು, ಊಟ, ಮೂಳೆಗೆ ಕೊಟ್ಟದ್ದು ಸೇರಿ ಸುಮಾರು ₹14,000 ಖರ್ಚಾಯಿತು.

ಶುಚಿ ಮಾಡುವ ಕೆಲಸದ ಬಗ್ಗೆ ಒಂದೇ ಮಾತು: ಸಣ್ಣ ಉರಿಯಲ್ಲಿ ಸೋಪಿನಪುಡಿ ನೀರಿನಲ್ಲಿ ಬೇಯಿಸಿ, ಹಲ್ಲುಜ್ಜುವ ಮೃದು ಬ್ರಷ್ಷಿನಿಂದ ಉಜ್ಜಿ, ನೆರಳಲ್ಲಿ ಒಣಗಿಸಿ. ಬ್ಲೀಚಿಂಗ್ ಪುಡಿ ಬೇಡ, ಅದು ಮೂಳೆಯ ಮೈಯನ್ನೇ ತಿನ್ನುತ್ತದೆ. ವಾಸನೆಯಿಂದಾಗಿ ಮನೆಯೊಡತಿ ಕೋಣೆ ಬಿಡಲು ಹೇಳುವ ಹಂತಕ್ಕೆ ಬಂದಿದ್ದರು. ಆಮೇಲೆ ಆ ಕೆಲಸವನ್ನು ನನ್ನೂರಿನ ಹಿತ್ತಲಿಗೆ ಸಾಗಿಸಿದೆ. ಅವ್ವ ಒಂದು ಹಳೆಯ ಪಾತ್ರೆಯನ್ನು ಅದಕ್ಕೆಂದೇ ಬಿಟ್ಟುಕೊಟ್ಟಳು.

ಮೂರು ಆಯಾಮಕ್ಕೆ ನಾನು ಮೊದಲು ಹಿಡಿದದ್ದು ಸಿ.ಟಿ. ಸ್ಕ್ಯಾನ್. ತಲೆಬುರುಡೆಯ ಒಂದು ಭಾಗ ತೆಗೆದವರಿಗೆ ಅಳತೆಗೆ ಸರಿಯಾಗಿ ಲೋಹದ ತಟ್ಟೆ ಮಾಡಿಸುವಾಗ ವೈದ್ಯರು ಬಳಸುವುದೂ ಸಿ.ಟಿ. ಚಿತ್ರಗಳನ್ನೇ. ನನ್ನ ಮೂಳೆಗೆ ಯಾಕಾಗಬಾರದು ಎನಿಸಿತು. ಒಂದು ಡಯಾಗ್ನೋಸ್ಟಿಕ್ ಕೇಂದ್ರದವರು ರೋಗಿಗಳಿಲ್ಲದ ಹೊತ್ತಿನಲ್ಲಿ ₹2,500ಕ್ಕೆ ಒಪ್ಪಿದರು. ಮೊಟ್ಟೆ ಇಡುವ ಟ್ರೇಗಳ ಗುಳಿಯಲ್ಲಿ ಒಂದೊಂದು ಮೂಳೆ ಇಟ್ಟು, ಯಾವ ಗುಳಿಯಲ್ಲಿ ಯಾವುದೆಂದು ನಕ್ಷೆ ಬರೆದುಕೊಂಡು ಹೋದೆ. ಹತ್ತೇ ನಿಮಿಷದ ಕೆಲಸ. ಸಿ.ಡಿ. ಹಿಡಿದು ಸಂತೋಷದಿಂದ ಬಂದೆ. ಮನೆಯಲ್ಲಿ ತೆರೆದು ನೋಡಿದರೆ ಒಂದೊಂದು ಪದರ 5 ಮಿಲಿಮೀಟರ್ ದಪ್ಪ. ಮೂರು ಸೆಂಟಿಮೀಟರೂ ಇಲ್ಲದ ಮೂಳೆ ಐದಾರು ಹೋಳಿನಲ್ಲಿ ಮುಗಿದುಹೋಗಿತ್ತು. ರೋಗಿಗೆ ಫಿಲ್ಮ್ ಕೊಡಲು ಮಾಡುವ ದಪ್ಪ ಪದರಗಳು ಅವು. ತೆಳು ಪದರಗಳು ಯಂತ್ರದ ಕಂಪ್ಯೂಟರಿನಲ್ಲಿ ಕೆಲವು ದಿನ ಮಾತ್ರ ಇದ್ದು ಅಳಿಸಿಹೋಗಿದ್ದವು. ನಾನು ಮತ್ತೆ ಹೋದದ್ದು ಎರಡು ವಾರ ಕಳೆದ ಮೇಲೆ. ಇನ್ನೊಮ್ಮೆ ಹಣ ಕಟ್ಟಿ 0.625 ಮಿಲಿಮೀಟರ್ ಪದರಗಳಲ್ಲಿ ಮಾಡಿಸಿದೆ. ಈ ಸಲ ಮೂಳೆಯ ರೂಪವೇನೋ ಬಂತು, ಆದರೆ ಅಂಚುಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿದ್ದವು. ತೊಡೆಮೂಳೆಗೋ ಬುರುಡೆಗೋ ಇದು ಸಾಕು. ನನ್ನ ಪುಟ್ಟ ಮೂಳೆಗೆ ಸಣ್ಣ ವಸ್ತುಗಳನ್ನು ಬಹಳ ತೆಳು ಪದರಗಳಲ್ಲಿ ತೋರಿಸುವ ಮೈಕ್ರೋ ಸಿ.ಟಿ. ಬೇಕಿತ್ತು, ಅದರ ದರ ನನ್ನ ಶಿಷ್ಯವೇತನಕ್ಕೆ ಎಟುಕುವಂಥದ್ದಲ್ಲ. ಸಿ.ಟಿ. ಮಾಡಿಸುವವರು ಮೊದಲೇ ಎರಡು ಸಂಗತಿ ಕೇಳಿ: ಅತ್ಯಂತ ತೆಳು ಪದರಗಳ ಡೈಕಾಮ್ ಕಡತಗಳು (ಸ್ಕ್ಯಾನ್ ಯಂತ್ರದ ಮೂಲ ಚಿತ್ರಗಳು) ಅದೇ ದಿನ ಬೇಕು, ಚಿತ್ರದ ವ್ಯಾಪ್ತಿ ಸಾಧ್ಯವಾದಷ್ಟು ಕಿರಿದಾಗಿರಬೇಕು. ಮೂಳೆಗಳನ್ನು ಒತ್ತೊತ್ತಾಗಿ ಇಟ್ಟರೆ ಒಳ್ಳೆಯದು. ನಾನು ಟ್ರೇಗಳನ್ನು ಉದ್ದಗಲಕ್ಕೆ ಹರಡಿದ್ದರಿಂದ ವ್ಯಾಪ್ತಿ ದೊಡ್ಡದಾಗಿ, ಸೂಕ್ಷ್ಮತೆ ಇನ್ನಷ್ಟು ಕಡಿಮೆಯಾಗಿತ್ತು.

ಉಳಿದದ್ದು ಫೋಟೋಗ್ರಾಮೆಟ್ರಿ. ಒಂದು ವಸ್ತುವಿನ ಚಿತ್ರಗಳನ್ನು ಸುತ್ತಲಿಂದಲೂ ತೆಗೆದರೆ, ಅವುಗಳಲ್ಲಿ ಸಮಾನವಾಗಿ ಕಾಣುವ ಚುಕ್ಕೆಗಳನ್ನು ತಂತ್ರಾಂಶ ಹುಡುಕಿ, ಪ್ರತಿ ಚಿತ್ರ ತೆಗೆದಾಗ ಕ್ಯಾಮೆರಾ ಎಲ್ಲಿತ್ತೆಂದು ಲೆಕ್ಕಹಾಕಿ, ಆ ಲೆಕ್ಕದಿಂದ ವಸ್ತುವಿನ ಮೇಲ್ಮೈಯನ್ನು ಕಟ್ಟುತ್ತದೆ. ವಿಭಾಗದ ಕ್ಯಾಮೆರಾ, ಸ್ನೇಹಿತೆಯ ಮ್ಯಾಕ್ರೋ ಲೆನ್ಸ್, ಕೇಕ್ ಅಲಂಕರಿಸುವ ₹350ರ ತಿರುಗುಮಣೆ, ಎರಡು ಎಲ್‌ಇಡಿ ದೀಪ. ಹತ್ತು ಡಿಗ್ರಿಗೊಂದರಂತೆ ಒಂದು ಸುತ್ತಿಗೆ 36 ಚಿತ್ರ, ಮೂರು ಎತ್ತರದಿಂದ ಮೂರು ಸುತ್ತು, ಮೂಳೆ ಮಗುಚಿ ಮತ್ತೆ ಅಷ್ಟೇ, ಅಂದರೆ ಒಂದು ಮೂಳೆಗೆ 216 ಚಿತ್ರ. ಮೊದಲ ಮಾದರಿಯಲ್ಲಿ ಗೋಡೆಯ ಮೇಲಿನ ಕ್ಯಾಲೆಂಡರ್ ಸ್ಪಷ್ಟವಾಗಿ ಮೂಡಿತ್ತು, ಮೂಳೆ ಇದ್ದ ಜಾಗದಲ್ಲಿ ಕರಗಿದ ಮೇಣದಂಥ ಮುದ್ದೆ. ಮಣೆ ತಿರುಗುತ್ತಿದ್ದರೂ ಹಿಂದಿನ ಗೋಡೆ ತಿರುಗುತ್ತಿರಲಿಲ್ಲವಲ್ಲ, ತಂತ್ರಾಂಶ ಗೋಡೆಯನ್ನು ನಂಬಿತ್ತು. ಹಿಂದೆ ಕಪ್ಪು ಮಖಮಲ್ ಬಟ್ಟೆ ಕಟ್ಟಿದ ಮೇಲೆ ಸರಿಹೋಯಿತು. ಲೆನ್ಸಿನ ದ್ವಾರವನ್ನು ಎಫ್/11ಕ್ಕೆ ಕಿರಿದು ಮಾಡಿದ ಮೇಲೆ ಮೂಳೆಯ ಮುಂಭಾಗ ಹಿಂಭಾಗ ಎರಡೂ ಚೊಕ್ಕವಾಗಿ ಬಂದವು.

ನಾನು ಬಳಸಿದ್ದು ಮೆಶ್‌ರೂಮ್ ಎಂಬ ಉಚಿತ ತಂತ್ರಾಂಶ. ಅದು ಪೂರ್ತಿ ಮೇಲ್ಮೈ ಕಟ್ಟಲು ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು. ಇದನ್ನು ಮೊದಲೇ ನೋಡಿಕೊಳ್ಳದೆ ನನ್ನ ಲ್ಯಾಪ್‌ಟಾಪಿನಲ್ಲಿ ಮೂರು ವಾರ ಒದ್ದಾಡಿದೆ. ಹುಬ್ಬಳ್ಳಿಯಲ್ಲಿ ಚಿಕ್ಕಪ್ಪನ ಮಗನ ಹತ್ತಿರ ಆಟಗಳಿಗೆಂದು ಕೊಂಡ ಕಂಪ್ಯೂಟರ್ ಇತ್ತು. “ರಾತ್ರಿ ಹನ್ನೊಂದರ ಮೇಲೆ ನಿನ್ನದೇ ಅಕ್ಕಾ” ಎಂದ. ರಾತ್ರಿಗೆ ಮೂರು ಮೂಳೆಯಂತೆ ಅವನ ಕೋಣೆಯ ಫ್ಯಾನಿನ ಕೆಳಗೆ ಎರಡು ತಿಂಗಳು ನಡೆಯಿತು.

ಇಲ್ಲಿ ಒಂದು ಎಚ್ಚರಿಕೆ. ಚಿತ್ರಗಳಿಂದ ಕಟ್ಟಿದ ಮಾದರಿಗೆ ತನ್ನದೇ ಗಾತ್ರವಿಲ್ಲ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆದು ನಾವೇ ಗಾತ್ರ ಕೊಡಬೇಕು. ನಾನು ಕಾಗದದ ಮೇಲೆ 100 ಮಿಲಿಮೀಟರಿನ ಪಟ್ಟಿ ಮುದ್ರಿಸಿ ಬಳಸಿದ್ದೆ. ಮಾದರಿಗಳ ಉದ್ದವನ್ನು ಕ್ಯಾಲಿಪರಿನ ಉದ್ದದೊಂದಿಗೆ ಹೋಲಿಸಿದಾಗ ಎಲ್ಲವೂ ಸುಮಾರು ಮೂರು ಪ್ರತಿಶತ ದೊಡ್ಡದಾಗಿದ್ದವು. ಕಾಗದದ ಪಟ್ಟಿಯನ್ನು ಅಳೆದರೆ ಅದು 97 ಮಿಲಿಮೀಟರ್ ಮಾತ್ರ ಇತ್ತು. ಮುದ್ರಕ ಪುಟಕ್ಕೆ ಹೊಂದಿಸಲೆಂದು ಕುಗ್ಗಿಸಿತ್ತು. ಉಕ್ಕಿನ ಅಳತೆಪಟ್ಟಿ ಬಳಸಿ, ಇಲ್ಲವೇ ಮುದ್ರಿಸಿದ್ದನ್ನು ಮೊದಲು ಅಳೆಯಿರಿ. ಆಕಾರದ ವಿಶ್ಲೇಷಣೆಯಲ್ಲಿ ಗಾತ್ರವನ್ನು ತೆಗೆದುಹಾಕುವುದರಿಂದ ಈ ತಪ್ಪು ಅಲ್ಲಿ ಕಾಣಿಸುವುದೇ ಇಲ್ಲ. ಕ್ಯಾಲಿಪರಿನ ಹಳೆಯ ಅಂಕಿಗಳು ಕೈಯಲ್ಲಿದ್ದುದರಿಂದ ನಾನು ಉಳಿದುಕೊಂಡೆ.

ಎರಡನೆಯ ಅನುಮತಿಯೂ ಬಂತು. ಉಗ್ರಾಣದಲ್ಲಿ ಮೂರು ದಿನ, ದಿನಕ್ಕೆ ಎರಡು ಸಲ ಕರೆಂಟು ಹೋದರೂ, 19 ಹಳೆಯ ಮೂಳೆಗಳ ಚಿತ್ರ ತೆಗೆದು ಮುಗಿಸಿದೆ. ನಾಲ್ಕು ಸಾವಿರ ವರ್ಷದ ಹಿಂದೆ ಯಾರದೋ ಮಂದೆಯಲ್ಲಿ ನಡೆದಾಡಿದ ಕಾಲು ಎಂಬುದು ಮೂಳೆ ಮಗುಚುವಾಗಲೆಲ್ಲ ನೆನಪಾಗುತ್ತಿತ್ತು. ಕೈ ತಾನಾಗಿ ಮೆತ್ತಗಾಗುತ್ತಿತ್ತು.

ಮಾದರಿ ಸಿದ್ಧವಾದ ಮೇಲೆ ಅದರ ಮೇಲೆ ಗುರುತುಬಿಂದುಗಳನ್ನು ಇಡಬೇಕು. ಪ್ರತಿ ಮೂಳೆಯಲ್ಲೂ ಅದೇ ಜಾಗ ಎಂದು ಖಚಿತವಾಗಿ ಹೇಳಬಹುದಾದ ಬಿಂದುಗಳು ಅವು: ಉಬ್ಬಿನ ತುದಿ, ಎರಡು ಏಣುಗಳು ಸೇರುವ ಮೂಲೆ, ತಗ್ಗಿನ ಆಳದ ತಳ. ಇದಕ್ಕೆ ತ್ರೀಡಿ ಸ್ಲೈಸರ್ ಎಂಬ ತಂತ್ರಾಂಶ ಮತ್ತು ಅದಕ್ಕೆ ಸೇರಿಸಿಕೊಳ್ಳುವ ಸ್ಲೈಸರ್‌ಮಾರ್ಫ್ ಸಾಕು, ಎರಡೂ ಉಚಿತ. ನಾನು 16 ಬಿಂದುಗಳಿಂದ ಶುರುಮಾಡಿದೆ. ಹತ್ತು ಮೂಳೆಗಳ ಮೇಲೆ ಐದು ಬೇರೆ ಬೇರೆ ದಿನ, ಹಿಂದಿನದನ್ನು ನೋಡದೆ, ಎಲ್ಲ ಬಿಂದುಗಳನ್ನೂ ಮತ್ತೆ ಇಟ್ಟೆ. ನುಣುಪಾದ ಬಾಗಿನ ಮೇಲಿದ್ದ ಎರಡು ಬಿಂದುಗಳು ಪ್ರತಿ ದಿನವೂ ಬೇರೆ ಕಡೆ ಬಿದ್ದವು. ಅವನ್ನು ಕೈಬಿಟ್ಟು 14 ಉಳಿಸಿಕೊಂಡೆ. ಒಂದು ವಾರ ತಿನ್ನುವ ಈ ಕೆಲಸವನ್ನು ದಯವಿಟ್ಟು ಬಿಡಬೇಡಿ. ಮೌಖಿಕ ಪರೀಕ್ಷೆಯಲ್ಲಿ ನನಗೆ ಬಂದ ಮೊದಲ ಪ್ರಶ್ನೆಯೇ ಇದರ ಬಗ್ಗೆ.

ಮುಂದಿನ ಹೆಜ್ಜೆಯ ಹೆಸರು ಪ್ರೊಕ್ರಸ್ಟಿಸ್ ಹೊಂದಿಕೆ. ಗ್ರೀಕರ ಕಥೆಯಲ್ಲಿ ಪ್ರೊಕ್ರಸ್ಟಿಸ್ ಅತಿಥಿಗಳನ್ನು ತನ್ನ ಮಂಚದ ಅಳತೆಗೆ ಸರಿಯಾಗಿ ಎಳೆಯುತ್ತಿದ್ದ, ಕತ್ತರಿಸುತ್ತಿದ್ದ. ಇಲ್ಲಿ ಕತ್ತರಿಸುವುದಿಲ್ಲ. ಎಲ್ಲ ಮೂಳೆಗಳ ಕೇಂದ್ರಗಳನ್ನು ಒಂದೇ ಜಾಗಕ್ಕೆ ತಂದು, ಗಾತ್ರವನ್ನು ಸಮ ಮಾಡಿ, ಒಂದರ ಮೇಲೊಂದು ಅತ್ಯಂತ ಚೆನ್ನಾಗಿ ಕೂರುವವರೆಗೆ ತಿರುಗಿಸುತ್ತಾರೆ. ಆಮೇಲೂ ಉಳಿಯುವ ವ್ಯತ್ಯಾಸವೇ ಆಕಾರ. ಒಂದು ಸಂಜೆ ಈ ಲೆಕ್ಕ ಮುಗಿಸಿ, ಮುಖ್ಯ ಘಟಕಗಳ ನಕ್ಷೆ ತೆರೆದೆ. ಮೂಳೆಗಳು ಅತಿ ಹೆಚ್ಚು ಬೇರೆಯಾಗುವ ದಿಕ್ಕುಗಳನ್ನು ಮುಖ್ಯ ಘಟಕ ಎನ್ನುತ್ತಾರೆ, ನಕ್ಷೆಯಲ್ಲಿ ಒಂದು ಮೂಳೆಗೆ ಒಂದು ಚುಕ್ಕೆ. ಪರದೆಯ ಮೇಲೆ ಚುಕ್ಕೆಗಳ ಎರಡು ಗುಂಪು, ನಡುವೆ ಅಂಗೈಯಗಲ ಖಾಲಿ ಜಾಗ. ಎರಡು ಪ್ರಾಣಿ, ಎರಡು ಗುಂಪು. ನಾನು ಅತ್ತುಬಿಟ್ಟೆ. ಅವ್ವನಿಗೆ ಫೋನ್ ಮಾಡಿ ಮುಗಿಯಿತು ಎಂದೆ. ಮಾರ್ಗದರ್ಶಕರಿಗೆ ರಾತ್ರಿಯೇ ನಕ್ಷೆ ಕಳಿಸಿದೆ.

ಬೆಳಿಗ್ಗೆ ಅವರ ಕರೆ ಬಂತು. “ನೋಡಮ್ಮಾ, ಚುಕ್ಕೆಗಳಿಗೆ ಬಣ್ಣ ಹಾಕಿಲ್ಲವಲ್ಲ. ಕುರಿಗೊಂದು, ಮೇಕೆಗೊಂದು ಹಾಕಿ ನೋಡು.” ಹಾಕಿದೆ. ಎರಡೂ ಗುಂಪಿನಲ್ಲಿ ಎರಡೂ ಬಣ್ಣ ಬೆರೆತಿದ್ದವು. ಆ ದಿನ ಏನೂ ತೋಚಲಿಲ್ಲ. ಮರುದಿನ ಡಬ್ಬಿ ತೆರೆದು, ಒಂದು ಗುಂಪಿನ ಮೂಳೆಗಳನ್ನು ಮೇಜಿನ ಬಲಕ್ಕೂ ಇನ್ನೊಂದರವನ್ನು ಎಡಕ್ಕೂ ಜೋಡಿಸಿದೆ. ಜೋಡಿಸಿ ಮುಗಿಯುವ ಮೊದಲೇ ಗೊತ್ತಾಯಿತು. ಒಂದು ಸಾಲು ಪೂರ್ತಿ ಬಲಗಾಲಿನದು, ಇನ್ನೊಂದು ಪೂರ್ತಿ ಎಡಗಾಲಿನದು. ಎಡ ಬಲದ ಮೂಳೆಗಳು ಕನ್ನಡಿಯ ಬಿಂಬಗಳು. ಎಷ್ಟು ತಿರುಗಿಸಿದರೂ ಎಡಗೈ ಬಲಗೈಯ ಮೇಲೆ ಕೂರದ ಹಾಗೆ ಅವೂ ಕೂರುವುದಿಲ್ಲ. ತಂತ್ರಾಂಶ ಕಂಡದ್ದು ಸತ್ಯವೇ, ಆದರೆ ನನ್ನ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಪರಿಹಾರ ಒಂದೇ ಸಾಲಿನದು: ಎಡಗಾಲಿನ ಎಲ್ಲ ಬಿಂದುಗಳ ಒಂದು ಅಕ್ಷದ ಅಂಕಿಗಳನ್ನು ಋಣ ಒಂದರಿಂದ ಗುಣಿಸಿದರೆ ಅವು ಬಲಗಾಲಿನವಾಗುತ್ತವೆ. ಆದರೆ ಯಾವುದು ಎಡ ಎಂದು ನಾನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಚೀಟಿಗಳಲ್ಲಿ ತಳಿ, ಊರು, ವಯಸ್ಸು, ಗಂಡು ಹೆಣ್ಣು ಎಲ್ಲ ಇತ್ತು. 62 ಹೊಸವು, 19 ಹಳೆಯವು, ಎಲ್ಲವನ್ನೂ ಮತ್ತೆ ನೋಡಿ ಪಟ್ಟಿ ಮಾಡಿದೆ.

ಸರಿಪಡಿಸಿದ ನಕ್ಷೆಯಲ್ಲಿ ಅಂಗೈಯಗಲದ ಖಾಲಿ ಜಾಗ ಇರಲಿಲ್ಲ. ಕುರಿಗಳೂ ಮೇಕೆಗಳೂ ಎರಡು ಮೋಡಗಳಂತೆ, ಅಂಚಿನಲ್ಲಿ ಒಂದರೊಳಗೊಂದು ಸೇರಿಕೊಂಡಿದ್ದವು. ಹೆಚ್ಚು ಬೇರ್ಪಟ್ಟದ್ದು ಒಳಬದಿಯ ಆ ಉಬ್ಬಿನ ಬಳಿಯ ಮೂರು ಬಿಂದುಗಳಲ್ಲಿ. ಇನ್ನೊಂದು ಅಡಚಣೆಯನ್ನು ಮಾರ್ಗದರ್ಶಕರು ಮೊದಲೇ ಹೇಳಿದ್ದರು: ಬಿಂದುವಿಗೆ ಮೂರರಂತೆ 14 ಬಿಂದುಗಳಿಗೆ 42 ಅಂಕಿ, ಹೊಂದಿಕೆಯಲ್ಲಿ ಜಾಗಕ್ಕೆ ಮೂರು, ತಿರುಗಿಸುವುದಕ್ಕೆ ಮೂರು, ಗಾತ್ರಕ್ಕೆ ಒಂದು, ಹೀಗೆ ಏಳು ಕಳೆದು 35 ಆಯಾಮ. 62 ಮೂಳೆಗಳಿಗೆ ಇದು ಹೆಚ್ಚಾಯಿತು, ಆಯಾಮ ಹೆಚ್ಚಾದಂತೆ ಇಲ್ಲದ ಭೇದವೂ ಇದ್ದಂತೆ ಕಾಣುತ್ತದೆ. ಆದ್ದರಿಂದ ಮೊದಲ ಕೆಲವು ಘಟಕಗಳನ್ನಷ್ಟೇ ಉಳಿಸಿಕೊಂಡು, ಒಂದೊಂದೇ ಮೂಳೆಯನ್ನು ಹೊರಗಿಟ್ಟು, ಉಳಿದವುಗಳಿಂದ ಕಲಿತದ್ದರಲ್ಲಿ ಅದನ್ನು ಊಹಿಸಿ ಪರೀಕ್ಷಿಸಿದೆ. 62ರಲ್ಲಿ 55 ಸರಿಯಾದವು. ಹಳೆಯ 19ರಲ್ಲಿ 13ನ್ನು ಧೈರ್ಯದಿಂದ ಹೆಸರಿಸಿದೆ, ಒಂಬತ್ತು ಕುರಿ, ನಾಲ್ಕು ಮೇಕೆ. ಉಳಿದ ಆರನ್ನು ‘ಕುರಿ/ಮೇಕೆ’ ಎಂದೇ ಬಿಟ್ಟೆ. ಅವುಗಳ ಮುಂದೆ ಆ ಓರೆಗೆರೆ ಬರೆಯುವಾಗ ಮೊದಲಿನ ಅಸಮಾಧಾನ ಇರಲಿಲ್ಲ.

ಪರೀಕ್ಷೆ ಮುಗಿದ ವಾರ 62 ಮೂಳೆಗಳ ಪೆಟ್ಟಿಗೆಯನ್ನು ವಿಭಾಗಕ್ಕೆ ಒಪ್ಪಿಸಿದೆ. ಈ ವರ್ಷ ಸೇರಿದ ಹುಡುಗಿಯೊಬ್ಬಳು ಮುಂಗಾಲಿನ ಮೂಳೆಗಳ ಮೇಲೆ ಕೆಲಸ ಮಾಡುತ್ತಾಳಂತೆ. ಒಪ್ಪಿಸುವ ಹಿಂದಿನ ಎರಡು ಸಂಜೆ ಕೂತು, ಪ್ರತಿ ಮೂಳೆಯ ಕೆಳಮೈ ಮೇಲೆ, ತಳಿಯ ಅಕ್ಷರದ ಪಕ್ಕದಲ್ಲಿ, ಸಣ್ಣ ನಿಬ್ಬಿನ ಪೆನ್ನಿನಿಂದ ಒಂದು ಅಕ್ಷರ ಸೇರಿಸಿದೆ. ಎಡದವಕ್ಕೆ ‘ಎ’, ಬಲದವಕ್ಕೆ ‘ಬ’.